ಗಡ್ಡಿ ಮನೆಗೆ ಬೇಸಿಗೆ ಪೂರ್ತಿ ನೆಂಟರು, ಎಲ್ಲೆಲ್ಲಿ ಕರ್ಕೊಂಡು ಹೋಗ್ಲಿ?

ರಾಯಚೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವಳು. ಮದುವೆಯಾಗಿ ವಿರೂಪಾಪುರ ಗಡ್ಡಿಗೆ ಬಂದಿದ್ದೇನೆ. ಹಂಪಿ ಗುಡಿಯ ಗೋಪುರ ನಮ್ಮ ಮಾಳಿಗೆಯಿಂದ ಕಾಣುತ್ತದೆ, ಆದರೆ ಅದು ಹೊಳೆಯ ಆ ದಂಡೆ. ಈ ನಡುಗಡ್ಡೆ ಗಂಗಾವತಿ ತಾಲೂಕಿಗೆ ಸೇರಿದ್ದು. ಸುತ್ತ ತುಂಗಭದ್ರೆ, ನಡುವೆ ಭತ್ತದ ಗದ್ದೆ, ಬಾಳೆ, ಬಂಡೆಗಲ್ಲು.

ಈ ಸಲ ಬೇಸಿಗೆ ರಜೆಗೆ ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದಾರೆ. ಏಪ್ರಿಲ್ ಕೊನೆಗೆ ಹುಬ್ಬಳ್ಳಿಯಿಂದ ನಾದಿನಿ, ಅವಳ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಹದಿಮೂರು, ಒಂದು ಕಡೆ ಕೂರುವ ಹುಡುಗ ಅಲ್ಲವೇ ಅಲ್ಲ. ಅವರು ಇರುವಾಗಲೇ ಪುಣೆಯಿಂದ ಚಿಕ್ಕಮಾವ, ಚಿಕ್ಕತ್ತೆ. ಮೇ ನಡುವಿಗೆ ನನ್ನ ಅಪ್ಪ, ಅಮ್ಮ. ಅಪ್ಪನಿಗೆ ನವಬೃಂದಾವನ, ಅಂದರೆ ಆನೆಗೊಂದಿ ಹತ್ತಿರ ಹೊಳೆ ನಡುವಿನ ನಡುಗಡ್ಡೆಯಲ್ಲಿರುವ ಒಂಬತ್ತು ಮಾಧ್ವ ಯತಿಗಳ ಸಮಾಧಿ, ನೋಡಬೇಕು ಅಂತ ಬಹಳ ವರ್ಷದ ಆಸೆ. ಆದರೆ ಮೊಣಕಾಲು ನೋವು. ಅತ್ತೆಗೆ ಈಗ ಓಡಾಡಲು ಆಗುವುದಿಲ್ಲ, ಹಾಗಾಗಿ ಮನೆ ಜವಾಬ್ದಾರಿ ಎಲ್ಲ ನನ್ನದೇ.

ಬಂದವರು ಖುಷಿಯಾಗಿ ಹೋಗಬೇಕು ಅಂತ ನನಗೆ ತುಂಬಾ ಆಸೆ ಇದೆ. ಮಕ್ಕಳು ಮೊಬೈಲ್ ಬದಿಗಿಟ್ಟು ಹೊಳೆ, ಗುಡ್ಡ ನೋಡಬೇಕು. ಬಿಸಿಲಂತೂ ನಿಮಗೆ ಗೊತ್ತೇ ಇದೆ, ನಲವತ್ತು ದಾಟುತ್ತದೆ. ಏನೇನು ಮಾಡಿಸಬಹುದು? ದೊಡ್ಡ ಹುಡುಗ ಈಗಲೇ ಫೋನ್ ಮಾಡಿ ಹೊಳೆಯಲ್ಲಿ ಈಜುತ್ತೇನೆ ಅನ್ನುತ್ತಿದ್ದಾನೆ. ಬಿಡಬಹುದಾ?

ಬಾಳೆತೋಟದ ಅಕ್ಕ:

ತಂಗೀ, ಈಜು ಬೇಡ. ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಗಡ್ಡಿಯಲ್ಲೇ ಹುಟ್ಟಿ ಬೆಳೆದವಳು, ಈಗ ಸಾಣಾಪುರದಲ್ಲಿದ್ದೇನೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ, ಸಾಧುವಾಗಿ ಕಾಣುತ್ತದೆ. ಆದರೆ ಬಂಡೆಗಳ ಸಂದಿಯಲ್ಲಿ ನೀರು ಕೊರೆದು ಮಡು ಆಗಿರುತ್ತದೆ, ಅಲ್ಲೇ ಸುಳಿ. ಹಾಸುಬಂಡೆ ಪಾಚಿ ಕಟ್ಟಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಮೊಸಳೆಯೂ ಇವೆ. ಈಜು ಚೆನ್ನಾಗಿ ಬಲ್ಲವರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಚಿಕ್ಕವರಿಗೆ, ದೊಡ್ಡವರಿಗೆ ಎಲ್ಲರಿಗೂ ಇದೊಂದೇ ಮಾತು.

ಆದರೆ ಹದಿಮೂರರ ಹುಡುಗನಿಗೆ ಬರೀ ಬೇಡ ಅಂದರೆ ಕೇಳುತ್ತಾನಾ? ಅವನಿಗೆ ತೆಪ್ಪ ತೋರಿಸು. ಸುಮ್ನೆ ಕೂರಿಸಿ ಒಂದು ಸುತ್ತು ಹಾಕಿಸುವುದಲ್ಲ. ದಂಡೆಯಲ್ಲಿ ಬೋರಲು ಹಾಕಿರುವ ತೆಪ್ಪದ ಹತ್ತಿರ ಕರೆದುಕೊಂಡು ಹೋಗು. ಬಿದಿರಿನ ಸೀಳುಗಳನ್ನು ಅಡ್ಡಡ್ಡ ಹೆಣೆದಿರುವುದು, ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿದಿರುವುದು ಎಲ್ಲ ಕಾಣುತ್ತದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ, ಅವನು ಮುಟ್ಟಿ ನೋಡಲಿ. ಹಿಂದೆ ಇದಕ್ಕೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುತ್ತಿದ್ದರು, ಕುದುರೆ, ಎತ್ತನ್ನೂ ಸಾಗಿಸುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಅದೇ ಹೊಳೆ, ಅದೇ ತೆಪ್ಪ. ಇದನ್ನು ಹೇಳಿದ ಮೇಲೆ ಹುಟ್ಟು ಅವನ ಕೈಗೆ ಕೊಡಿಸು. ನೆಟ್ಟಗೆ ಒಯ್ಯಲು ಹೋದರೆ ತೆಪ್ಪ ನಿಂತಲ್ಲೇ ತಿರುಗುತ್ತದೆ. ಅದನ್ನು ಕಲಿಯುವುದರಲ್ಲೇ ಹುಡುಗನ ಬೆಳಗು ಕಳೆಯುತ್ತದೆ. ಲೈಫ್ ಜಾಕೆಟ್ ಇಲ್ಲದ ತೆಪ್ಪ ಮಾತ್ರ ಹತ್ತಿಸಬೇಡ.

ಸಾಣಾಪುರ ಕೆರೆಗೆ ಬರುವುದಾದರೆ ಮೊದಲು ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಅದು ಎಡದಂಡೆ ಕಾಲುವೆಯ ನೀರು ನಿಲ್ಲಿಸುವ ಕೆರೆ. ಕಾಲುವೆ ಬಂದ್ ಆದ ಮೇಲೆ ನೀರು ಇಳಿಯುತ್ತದೆ.

ಇನ್ನು ದಿನಚರಿ. ನೆಂಟರು ಬಂದರು ಅಂತ ಬೆಳಿಗ್ಗೆ ತಡವಾಗಿ ಎಬ್ಬಿಸಬೇಡ. ಹೊತ್ತು ಹುಟ್ಟುವ ಮುಂಚೆ ಚಹಾ ಕೊಟ್ಟು ಹೊರಡಿಸು. ಹೊಳೆ ದಂಡೆಯಲ್ಲಿ ಕೂತರೆ ಎದುರು ಘಟ್ಟಕ್ಕೆ ಗುಡಿಯ ಆನೆ ಲಕ್ಷ್ಮಿ ಸ್ನಾನಕ್ಕೆ ಬರುವುದು ಕಾಣುತ್ತದೆ. ಬಿಸಿಲು ಏರುವ ಮುಂಚೆ ಮನೆಗೆ ವಾಪಸ್, ಒಗ್ಗರಣಿ ಮಿರ್ಚಿ ತಿಂದು, ಮಜ್ಜಿಗೆ ಕುಡಿದು ಎಲ್ಲರೂ ನೆರಳಿಗೆ. ನಾಲ್ಕೂವರೆ ತನಕ ಯಾರೂ ಹೊರಗೆ ಕಾಲಿಡಬಾರದು. ಮಕ್ಕಳಿಗೆ ಚಪ್ಪಲಿ ಕಡ್ಡಾಯ, ಬಂಡೆ ಕಾದು ಅಂಗಾಲು ಬೊಬ್ಬೆ ಬರುತ್ತದೆ.

ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ರೆಸಾರ್ಟ್‌ಗಳನ್ನು ಕೆಡವಿದರಲ್ಲ, ಅದರಿಂದ ಎಷ್ಟೋ ಮನೆಯವರ ದುಡಿಮೆ ಹೋಯಿತು, ಆ ನೋವು ನನಗೂ ಇದೆ. ಆದರೆ ಆ ಲೈಟು, ಆ ಗದ್ದಲ ಹೋದ ಮೇಲೆ ಗಡ್ಡಿಯಲ್ಲಿ ಚುಕ್ಕಿ ಚೆನ್ನಾಗಿ ಕಾಣುತ್ತವೆ. ಹುಬ್ಬಳ್ಳಿ ಮಕ್ಕಳು ಅಷ್ಟು ಚುಕ್ಕಿ ನೋಡಿರುವುದಿಲ್ಲ.

ಆನೆಗೊಂದಿ ಮೇಷ್ಟ್ರು:

ಅಕ್ಕಾರು ಹೇಳಿದ್ದು ಸರಿ ಇದೆ. ನಾನು ಗುಡ್ಡದ ವಿಷಯ ಸೇರಿಸುತ್ತೇನೆ.

ಅಂಜನಾದ್ರಿ ಎಲ್ಲರೂ ಹತ್ತುತ್ತಾರೆ, 575 ಮೆಟ್ಟಿಲು. ಮಕ್ಕಳಿಗೆ ಅದು ಏನೂ ಅಲ್ಲ, ಬೆಳಗಿನ ಜಾವ ಹತ್ತಿಸಿ. ಶನಿವಾರ ಜನ ಜಾಸ್ತಿ, ಆ ದಿನ ಬಿಡಿ.

ಆದರೆ ನನ್ನನ್ನು ಕೇಳಿದರೆ ಆ ದೊಡ್ಡ ಹುಡುಗನನ್ನು ಹಿರೇಬೆಣಕಲ್‌ಗೆ ಕರೆದುಕೊಂಡು ಹೋಗಲೇಬೇಕು. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ನಾವು ಮೋರೇರ ಗುಡ್ಡ ಅನ್ನುತ್ತೇವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಕಲ್ಲಿನ ಸಮಾಧಿಗಳು ಅಲ್ಲಿವೆ, ನೂರಾರು. ಕಲ್ಲಿನ ಚಪ್ಪಡಿಗಳನ್ನೇ ಗೋಡೆಯಾಗಿ ನಿಲ್ಲಿಸಿ ಮೇಲೆ ಒಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ದುಂಡಗೆ ಕಿಂಡಿ ಕೊರೆದಿದ್ದಾರೆ. ಅದನ್ನು ನೋಡಿ ನನ್ನ ಶಾಲೆ ಮಕ್ಕಳು ಮನೆ ಅಂತಲೇ ತಿಳಿಯುತ್ತಾರೆ. ಕಲ್ಲಿನ ದೊಡ್ಡ ನಗಾರಿಯೂ ಇದೆ, ಬಡಿದರೆ ದನಿ ಬರುತ್ತದೆ. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿತು. ಇಷ್ಟಾದರೂ ನಮ್ಮ ಜಿಲ್ಲೆಯವರೇ ಬಹಳ ಜನ ನೋಡಿಲ್ಲ, ಅದು ನನಗೆ ಬೇಸರ. ಹತ್ತುವ ದಾರಿ ಬಂಡೆಗಳ ನಡುವೆ, ನೆರಳಿಲ್ಲ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ನೀರು ಜಾಸ್ತಿ ಇಟ್ಟುಕೊಳ್ಳಿ. ಬಿಸಿಲಿಗೆ ಮುಂಚೆ ಇಳಿದುಬಿಡಿ. ಸಂಜೆ ಯಾವ ಗುಡ್ಡಕ್ಕೂ ಬೇಡ, ನಮ್ಮ ಕಡೆ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ.

ಪುಣೆಯವರಿಗೆ ಕರಡಿ ನೋಡುವ ಆಸೆ ಇದ್ದರೆ ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಕಳಿಸಿ. ಕಾರಿಗೆ ಹೊಳೆ ದಾಟಲು ಕಡೆಬಾಗಿಲು-ಬುಕ್ಕಸಾಗರ ಸೇತುವೆ ಇದೆ.

ರಾಯಚೂರಿನ ಮಗಳು:

ಅಕ್ಕಾ, ಮೇಷ್ಟ್ರೇ, ಓದಿ ಮನಸ್ಸು ಹಗುರ ಆಯಿತು. ಈಜಿನ ಮಾತು ನಾದಿನಿಗೆ ಇವತ್ತೇ ಹೇಳಿಬಿಟ್ಟೆ. ಅಪ್ಪನ ವಿಷಯ ಒಂದು ಉಳಿಯಿತು. ಮೊಣಕಾಲು ನೋವಿನವರು ನವಬೃಂದಾವನಕ್ಕೆ ಹೋಗಬಹುದಾ? ಇನ್ನೊಂದು, ಮೊನ್ನೆ ಸಂಜೆ ನೀರಲ್ಲಿ ಬೆಕ್ಕಿಗಿಂತ ದೊಡ್ಡದು ಏನೋ ತಲೆ ಎತ್ತಿ ಮುಳುಗಿತು. ಮೊಸಳೆ ಮರಿ ಅಂತ ಚಿಕ್ಕ ಮೈದುನ ಹೆದರಿಸಿದ.

ಆನೆಗೊಂದಿ ಮೇಷ್ಟ್ರು:

ಅದು ನೀರುನಾಯಿ ಇರಬೇಕಮ್ಮ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಅಂತ ಸರ್ಕಾರ ಘೋಷಿಸಿದೆ. ನಿಮ್ಮ ಗಡ್ಡಿ ಅದರ ನಡುವೆಯೇ ಇದೆ. ಮಕ್ಕಳನ್ನು ಸಂಜೆ ದಂಡೆಯಿಂದ ದೂರ, ಬಂಡೆ ಮೇಲೆ ಸದ್ದು ಮಾಡದೆ ಕೂರಿಸಿ. ಮೀನು ಹಿಡಿದು ಬಂಡೆ ಹತ್ತಿ ತಿನ್ನುವುದು ಕಂಡರೂ ಕಾಣಬಹುದು.

ಅಪ್ಪನವರು ಖಂಡಿತ ಹೋಗಬಹುದು. ಆನೆಗೊಂದಿ ಘಟ್ಟದಿಂದ ಮೋಟಾರ್ ದೋಣಿ ಸಿಗುತ್ತದೆ. ಕಷ್ಟ ಇರುವುದು ದೋಣಿ ಹತ್ತಿ ಇಳಿಯುವಾಗ ಮಾತ್ರ. ಇಬ್ಬರು ಗಂಡಸರು ಆ ಕಡೆ ಈ ಕಡೆ ಹಿಡಿದರೆ ಸಾಕು. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ, ಬರಿಗಾಲಲ್ಲಿ ನಡೆಯಬೇಕು, ಆಮೇಲೆ ನೆಲ ಸುಡುತ್ತದೆ. ನಡುವೆ ವ್ಯಾಸರಾಜರ ಬೃಂದಾವನ, ಸುತ್ತ ಉಳಿದವು. ರಾಯಚೂರಿನವರಲ್ವಾ, ಮಂತ್ರಾಲಯದ ರಾಯರ ಗುರುಗಳಾದ ಸುಧೀಂದ್ರ ತೀರ್ಥರ ಬೃಂದಾವನವೂ ಇಲ್ಲೇ ಇದೆ ಅಂದರೆ ಅಪ್ಪನವರಿಗೆ ಇನ್ನೂ ಖುಷಿ ಆಗುತ್ತದೆ.

ಬಾಳೆತೋಟದ ಅಕ್ಕ:

ಅಪ್ಪ ಬರುವ ದಿನ ಗೊತ್ತಾದ ಕೂಡಲೇ ನನಗೆ ಹೇಳು ತಂಗೀ. ನಮ್ಮ ಮನೆಯವರನ್ನೂ ಮಗನನ್ನೂ ಆನೆಗೊಂದಿ ಘಟ್ಟಕ್ಕೆ ಕಳಿಸುತ್ತೇನೆ, ಅಪ್ಪನನ್ನು ಹಿಡಿದು ದೋಣಿ ಹತ್ತಿಸುತ್ತಾರೆ. ಅವತ್ತು ಬೆಳಿಗ್ಗೆ ನೀನು ಅಡುಗೆ ಹಚ್ಚಿಕೊಳ್ಳಬೇಡ, ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ನಮ್ಮ ಮನೆಯಿಂದಲೇ ಬರುತ್ತದೆ.