ಲಿಸ್ಟ್<? ಎಕ್ಸ್‌ಟೆಂಡ್ಸ್ ನಂಬರ್> ಅಂದ್ರೆ ರೀಡ್‌ಓನ್ಲಿ ಅಂತಾನಾ?

ಮಲ್ನಾಡ್_ಕೋಡರ್: ಜಾವಾದಲ್ಲಿ ಮೊತ್ತ ಹಾಕೋ ಮೆಥಡ್‌ಗೆ ಲಿಸ್ಟ್<ನಂಬರ್> ಅಂತ ಪ್ಯಾರಾಮೀಟರ್ ಬರೆದ್ರೆ ಲಿಸ್ಟ್<ಇಂಟೀಜರ್> ಕಳಿಸೋಕಾಗಲ್ಲ, ಕಂಪೈಲ್ ಎರರ್. ಲಿಸ್ಟ್<? ಎಕ್ಸ್‌ಟೆಂಡ್ಸ್ ನಂಬರ್> ಅಂತ ಬರೀರಿ, ಅಂದ್ರೆ ನಂಬರ್ ಅಥವಾ ಅದರ ಯಾವುದೋ ಒಂದು ಉಪಟೈಪ್‌ನ ಲಿಸ್ಟ್. ಲಿಸ್ಟಿಂದ ಎಲಿಮೆಂಟ್ ತೆಗೆಯೋಕೆ ಎಕ್ಸ್‌ಟೆಂಡ್ಸ್, ಹಾಕೋಕೆ ಸೂಪರ್. ಎಕ್ಸ್‌ಟೆಂಡ್ಸ್ ಇದ್ದ ಲಿಸ್ಟ್ ರೀಡ್‌ಓನ್ಲಿ, ಹೊಸಬರಿಗೆ ಇಷ್ಟು ಸಾಕು.

ಕಂಪೈಲರ್_ಭಟ್ಟ: ರೀಡ್‌ಓನ್ಲಿ ಅಂತ ಯಾರು ಹೇಳಿದ್ದು ಮಾರಾಯ್ರೇ? ಅದೇ ಲಿಸ್ಟ್ ಮೇಲೆ ಕ್ಲಿಯರ್() ಕರೀರಿ, ಪೂರ್ತಿ ಖಾಲಿ. ರಿಮೂವ್(0) ನಡೀತದೆ. ಆಡ್(ನಲ್), ಅಂದ್ರೆ ಖಾಲಿ ಮೌಲ್ಯ ಹಾಕುವುದು, ಅದೂ ನಡೀತದೆ.

ಮಲ್ನಾಡ್_ಕೋಡರ್: ನಲ್ ಯಾರ್ರೀ ಆಡ್ ಮಾಡ್ತಾರೆ? ಆಡ್(5) ಕೊಡಿ ನೋಡೋಣ, ಕಂಪೈಲರ್ ಒಪ್ಪಲ್ಲ. ಬಂದಿರೋದು ಲಿಸ್ಟ್<ಡಬಲ್> ಆಗಿರಬಹುದಲ್ಲ.

ಸುಮಾ_ಬ್ಯಾಕೆಂಡ್: ಜನ ನಿಜವಾಗಿ ಎಡವೋದು ಬೌಂಡ್‌ನಲ್ಲಿ, ಅಂದ್ರೆ ಟಿ ಯಾವ ಟೈಪ್ ಆಗಬಹುದು ಅನ್ನೋ ಮಿತಿಯಲ್ಲಿ. <ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್<ಟಿ>> ಟಿ ಮ್ಯಾಕ್ಸ್(ಲಿಸ್ಟ್<ಟಿ>) ಅಂತ ಬರೆದು ಲಿಸ್ಟ್<ಲೋಕಲ್‌ಡೇಟ್> ಕೊಡಿ, ಕಂಪೈಲ್ ಆಗಲ್ಲ. ಲೋಕಲ್‌ಡೇಟ್‌ಗೆ ಅದರ ಮೇಲಿನ ಇಂಟರ್‌ಫೇಸ್ ಕ್ರೋನೋಲೋಕಲ್‌ಡೇಟ್‌ನಿಂದ ಸಿಕ್ಕಿರೋದು ಕಂಪೇರಬಲ್<ಕ್ರೋನೋಲೋಕಲ್‌ಡೇಟ್>. ಬೌಂಡ್ ಕಂಪೇರಬಲ್<? ಸೂಪರ್ ಟಿ> ಆಗಬೇಕು.

ಕಂಪೈಲರ್_ಭಟ್ಟ: "ಕಂಪೈಲರ್ ಒಪ್ಪಲ್ಲ" ಅಂತೀರಿ, ಒಪ್ಪಿಸುವ ದಾರಿ ಕೇಳಿ. <ಟಿ> ವಾಯ್ಡ್ ಸ್ವಾಪ್ಹೆಲ್ಪರ್(ಲಿಸ್ಟ್<ಟಿ> ಎಲ್, ಇಂಟ್ ಐ, ಇಂಟ್ ಜೆ) ಅಂತ ಪ್ರೈವೇಟ್ ಮೆಥಡ್ ಬರೀರಿ. ಒಳಗೆ ಎಲ್.ಸೆಟ್(ಐ, ಎಲ್.ಸೆಟ್(ಜೆ, ಎಲ್.ಗೆಟ್(ಐ))). ನಿಮ್ಮ ವೈಲ್ಡ್‌ಕಾರ್ಡ್ (ಪ್ರಶ್ನೆಚಿಹ್ನೆ ಇರುವ) ಲಿಸ್ಟನ್ನು ಅದಕ್ಕೆ ಕೊಡಿ. ಪ್ರಶ್ನೆಚಿಹ್ನೆಯನ್ನು ಕಂಪೈಲರ್ ಟಿ ಅಂತ ಕ್ಯಾಪ್ಚರ್ ಮಾಡ್ತದೆ, ಅಂದ್ರೆ ಹೆಸರಿರುವ ಒಂದೇ ಟೈಪ್ ಅಂತ ಹಿಡೀತದೆ, ಎಲಿಮೆಂಟುಗಳು ಅದಲುಬದಲಾಗ್ತವೆ. ಇದು ರೀಡ್‌ಓನ್ಲಿಯೋ?

ಡಾಟ್ನೆಟ್_ಕಿಟ್ಟಿ: ಜಾವಾದಾಗ ಇದ ಗೋಳು ನೋಡ್ರಿ. ಸಿ ಶಾರ್ಪ್ 4.0, 2010ರಾಗ ಬಂತು. ಇಂಟರ್‌ಫೇಸ್ ಬರೀವಾಗಲೇ ಐಇನ್ಯೂಮರಬಲ್<ಔಟ್ ಟಿ>, ಔಟ್ ಅಂದ್ರ ಟಿ ಹೊರಗ ಕೊಡಾಕ ಮಾತ್ರ, ಕರೆಯೋ ಕಡೆ ಏನೂ ಬರೀಬೇಕಾಗಿಲ್ಲ, ಮುಗೀತು.

ಕಂಪೈಲರ್_ಭಟ್ಟ: ಮುಗೀತು? ಐಇನ್ಯೂಮರಬಲ್<ಇಂಟ್> ಅನ್ನು ಐಇನ್ಯೂಮರಬಲ್<ಆಬ್ಜೆಕ್ಟ್>ಗೆ ಅಸೈನ್ ಮಾಡಿ ತೋರಿಸಿ. ಇಂಟ್ ತರದ ವ್ಯಾಲ್ಯೂ ಟೈಪ್‌ಗೆ ವೇರಿಯನ್ಸ್, ಅಂದ್ರೆ ಉಪಟೈಪಿನದ್ದನ್ನು ಮೇಲಿನ ಟೈಪಿನ ಜಾಗದಲ್ಲಿ ಕೊಡುವುದು, ಇಲ್ಲ. ಐಲಿಸ್ಟ್<ಟಿ>ಗೆ ಔಟ್ ಇಲ್ಲವೇ ಇಲ್ಲ.

ಡಾಟ್ನೆಟ್_ಕಿಟ್ಟಿ: ಐಲಿಸ್ಟ್‌ಗೆ ಆಡ್ ಐತಿ, ಅದಕ್ಕ ಔಟ್ ಹಾಕಿಲ್ರಿ. ಓದಾಕ ಬೇಕಂದ್ರ ಐರೀಡ್‌ಓನ್ಲಿಲಿಸ್ಟ್<ಔಟ್ ಟಿ> ಐತಿ.

ಮಲ್ನಾಡ್_ಕೋಡರ್: ನೋಡಿ ಭಟ್ರೇ, ಅವರೂ ಔಟ್ ಹಾಕಿದ್ದಕ್ಕೆ ರೀಡ್‌ಓನ್ಲಿ ಅಂತಾನೇ ಹೆಸರಿಟ್ಟಿದ್ದಾರೆ!

ಕಂಪೈಲರ್_ಭಟ್ಟ: ಹೆಸರು ಹಿಡ್ಕೊಂಡು ವಾದ ಬೇಡ. ಅದರಲ್ಲಿ ಕ್ಲಿಯರ್ ಮೆಥಡ್ಡೇ ಇಲ್ಲ, ನಿಮ್ಮದರಲ್ಲಿ ಉಂಟು. ಜಾವಾದಲ್ಲಿ ಮುಟ್ಟಬಾರದ ಲಿಸ್ಟ್ ಬೇಕಾದ್ರೆ ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್‌ನಲ್ಲಿ ಸುತ್ತಿ ಕೊಡಿ. ಕ್ಲಿಯರ್ ಕರೆದ್ರೆ ಅನ್‌ಸಪೋರ್ಟೆಡ್‌ಆಪರೇಷನ್‌ಎಕ್ಸೆಪ್ಷನ್ ಬೀಳ್ತದೆ.

ಮಲ್ನಾಡ್_ಕೋಡರ್: ರನ್‌ಟೈಮ್‌ನಲ್ಲಿ ಬೀಳತ್ತೆ! ನಾನು ಮೊದಲಿಂದ ಮಾತಾಡ್ತಿರೋದು ಕಂಪೈಲ್‌ಟೈಮ್ ಬಗ್ಗೆ. ಆಡ್(5) ಇನ್ನೂ ಎರರ್ರೇ.

ಸುಮಾ_ಬ್ಯಾಕೆಂಡ್: ಕಂಪೈಲ್‌ಟೈಮ್ ಅಂದ್ರಲ್ಲ, ಲೋಕಲ್‌ಡೇಟ್ ಎರರ್ ಕೂಡ ಅಲ್ಲೇ ಬರೋದು. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಂಪೈಲರ್_ಭಟ್ಟ: @ಮಲ್ನಾಡ್_ಕೋಡರ್ ಕ್ಲಿಯರ್() ಕಂಪೈಲ್ ಆಗ್ತದೋ ಇಲ್ವೋ? ಅದೊಂದು ಹೇಳಿ.