1972ರ ಡ್ಯಾಟ್ಸನ್ 240ಜೆಡ್: 2006ರಿಂದ ನಿಂತ ಗಾಡಿ, ಎಲ್ಲಿಂದ ಶುರು ಮಾಡೋದು?

ಸ್ಯಾಕ್ರಮೆಂಟೊ_ಜೆಡ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು 1972ರ 240ಜೆಡ್ (ಡ್ಯಾಟ್ಸನ್‌ನ ಹಳೇ ಸ್ಪೋರ್ಟ್ಸ್ ಕಾರು) ನೋಡಿಟ್ಟಿದ್ದೀನಿ. 2006ರಿಂದ ಶೆಡ್ಡಿನಲ್ಲೇ ನಿಂತಿದೆ. ಚಾಸಿ ನಂಬರ್ ಎಚ್‌ಎಲ್‌ಎಸ್30 ಅಂತ ಶುರು, ಬಾನೆಟ್ ಒಳಗಿನ ತಗಡಿನ ಮೇಲಿರೋ ಎಂಜಿನ್ ನಂಬರಿಗೂ ಬ್ಲಾಕಿನ ನಂಬರಿಗೂ ತಾಳೆ ಆಗುತ್ತೆ. ಆರು ಸಿಲಿಂಡರಿನ ಎಲ್24 ಎಂಜಿನ್, ದುಂಡು ತಲೆಯ ಎರಡು ಎಸ್‌ಯು ಮಾದರಿ ಕಾರ್ಬುರೇಟರ್, ನಾಲ್ಕು ಗೇರು. ಮಾರೋರು ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ ತೋರಿಸ್ತೀನಿ ಅಂತಿದ್ದಾರೆ. ಒಪ್ಪಲಾ? ಇಲ್ಲ, ಹೆಡ್ ಬಿಚ್ಚಿ ನೋಡಿದ ಮೇಲೇ ಸ್ಟಾರ್ಟ್ ಮಾಡಬೇಕಾ? 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳಿಗೆ ಇಲ್ಲಿ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇಲ್ಲ, ಆ ತಲೆನೋವು ಇಲ್ಲ.

ತುಕ್ಕುಪುರಾಣ

ಎಂಜಿನ್ ಆಮೇಲೆ, ಮೊದಲು ತುಕ್ಕು ನೋಡಿ ಸರ್. ಬೆಲೆ ಮಾತಾಡೋದೂ ಅದಾದ ಮೇಲೇ. ಕ್ಯಾಲಿಫೋರ್ನಿಯಾದ ಗಾಡಿ, ತುಕ್ಕು ಇರಲ್ಲ ಅಂತ ನಂಬಿಕೊಂಡು ಕೂರಬೇಡಿ. ಹೊರಗೆ ಥಳಕು ಒಳಗೆ ಹುಳುಕು ಅನ್ನೋದಕ್ಕೆ ಜೆಡ್‌ಗಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಬ್ಯಾಟರಿ ಇರೋದು ಎಂಜಿನ್ ಕೋಣೆಯ ಬಲಮೂಲೆಯಲ್ಲಿ. ಆಸಿಡ್ ಸೋರಿ ಟ್ರೇ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ), ಅದರ ಕೆಳಗಿನ ರೈಲು (ಉದ್ದಕ್ಕೆ ಹೋಗೋ ತಗಡಿನ ತೊಲೆ) ಮೂರನ್ನೂ ತಿನ್ನುತ್ತೆ. ಟ್ರೇ ಹೊಸದಾಗಿ ಪೇಂಟ್ ಆಗಿದ್ದರೆ ಅನುಮಾನ ಜಾಸ್ತಿಯೇ ಇರಲಿ. ಇನ್ನೊಂದು ಜಾಗ ವೈಪರ್ ಕೆಳಗಿನ ಕೌಲ್, ಅಂದರೆ ಮುಂದಿನ ಗಾಜಿನ ಬುಡದ ತಗಡಿನ ಗೂಡು. ಅಲ್ಲಿ ಎಲೆ ಕಸ ತುಂಬಿ ನೀರು ಹೋಗೋ ತೂತು ಮುಚ್ಚಿಕೊಂಡರೆ, ನೀರು ಮುಂದಿನ ಫೆಂಡರ್ ಹಿಂದೆ ಇಳಿದು ಬಾಗಿಲ ಕೆಳಗಿನ ಪಟ್ಟಿಯ ತುದಿಯಲ್ಲಿ ನಿಲ್ಲುತ್ತೆ. ಫೆಂಡರ್ ಬರೀ ಬೋಲ್ಟಿನದು. ಒಪ್ಪಿದರೆ ಒಂದನ್ನು ಬಿಚ್ಚಿಸಿಯೇ ನೋಡಿ.

ಆಮೇಲೆ ಗಾಡಿ ಕೆಳಗೆ ಮಲಗಿ. ಫ್ಲೋರಿಗೆ ಅಂಟಿಕೊಂಡು ಉದ್ದಕ್ಕೆ ಹೋಗೋ ಎರಡು ರೈಲುಗಳನ್ನ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ, ಕೊಳೆತದ್ದು ದಪ್ ಅನ್ನುತ್ತೆ. ಹಿಂದಿನ ಚಕ್ರದ ಕಮಾನು, ಸ್ಟೆಪ್ನಿ ಗುಂಡಿ, ಹ್ಯಾಚ್ ಬಾಗಿಲಿನ ಕೆಳ ಅಂಚುಗಳ ಮೇಲೆ ಅಯಸ್ಕಾಂತ ಇಡಿ. ಹಿಡಿಯದಿದ್ದರೆ ಅದು ಪುಟ್ಟಿ.

ಹತ್ತರ_ಸ್ಪ್ಯಾನರ್

ಮೇಲಿನವರ ಮಾತಿಗೆ ನೂರು ಮಾರ್ಕು. ಸ್ಟಾರ್ಟ್ ಮಾಡಿ ತೋರಿಸೋದು ಮಾತ್ರ ಖಂಡಿತ ಬೇಡ. ಒಣಗಿದ ಸಿಲಿಂಡರಿನಲ್ಲಿ ರಿಂಗು ಗೀರುತ್ತೆ. ಹಳೇ ಪೆಟ್ರೋಲ್ ಅಷ್ಟೊತ್ತಿಗೆ ವಾರ್ನಿಷ್ ಆಗಿರುತ್ತೆ, ಅದು ಪಂಪು, ಫ್ಲೋಟ್ ಬೌಲುಗಳಿಗೆಲ್ಲ ಹೋಗಿ ಕೂತರೆ ಕೆಲಸ ಎರಡರಷ್ಟು.

ಹೆಡ್ ಬಿಚ್ಚೋದೂ ಬೇಡ. ಆರೂ ಪ್ಲಗ್ ತೆಗೆದು ಒಂದೊಂದು ತೂತಿಗೂ 5 ಮಿಲಿ ಎಂಜಿನ್ ಆಯಿಲ್ ಬಿಡಿ, ಎರಡು ದಿನ ಬಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 27ರ ಸಾಕೆಟ್ ಹಾಕಿ ಗಡಿಯಾರದ ದಿಕ್ಕಿಗೆ ನಿಧಾನ ತಿರುಗಿಸಿ. ಬಿಗಿ ಅನ್ನಿಸಿದರೆ ನಿಲ್ಲಿಸಿ, ಮತ್ತೆ ಆಯಿಲ್ ಬಿಟ್ಟು ಕಾಯಿರಿ, ಉದ್ದನೆ ಪೈಪ್ ಸಿಕ್ಕಿಸಿ ಜಗ್ಗಬೇಡಿ. ಎರಡು ಸುತ್ತು ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂಗೆ.

ಆಯಿಲ್, ಫಿಲ್ಟರ್ ಹೊಸದು. ಈ ಎಂಜಿನ್ನಿನಲ್ಲಿ ವಾಲ್ವ್ ಒತ್ತೋ ರಾಕರ್, ತಿರುಗೋ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಓಡೋದರಿಂದ ಸತು ಚೆನ್ನಾಗಿರೋ 20ಡಬ್ಲ್ಯೂ-50 ಹಾಕಿ. ಹೊಸ ಕಾರಿನ ತೆಳು ಆಯಿಲ್ ಹಾಕಿದರೆ ಕ್ಯಾಮಿನ ಉಬ್ಬು ಸವೆದು ಹೋಗುತ್ತೆ. ರಾಕರ್ ಕವರ್ ತೆಗೆದು ಕ್ಯಾಮ್ ಮೇಲೆಲ್ಲ ಆಯಿಲ್ ಸುರಿದು, ಹಾಗೇ ವಾಲ್ವ್ ಕ್ಲಿಯರೆನ್ಸೂ (ರಾಕರಿಗೂ ಕ್ಯಾಮಿಗೂ ನಡುವಿನ ಸಂದು) ಹಿಡಿದುಬಿಡಿ: ತಣ್ಣಗಿದ್ದಾಗ ಇನ್‌ಟೇಕ್ 0.20 ಮಿಮೀ, ಎಕ್ಸಾಸ್ಟ್ 0.25. ಗಾಡಿ ಓಡಿ ಬಿಸಿಯಾದ ಮೇಲೆ 0.25, 0.30ಕ್ಕೆ ಮತ್ತೊಮ್ಮೆ ಇಡಬೇಕು. ಆಮೇಲೆ ಪ್ಲಗ್ ಇಲ್ಲದೆಯೇ, ಕಾಯಿಲ್ ವೈರ್ ಕಳಚಿ, ಆಯಿಲ್ ಪ್ರೆಶರ್ ಮುಳ್ಳು ಏಳೋವರೆಗೂ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡೋದು ಈಗ. ಆರರಲ್ಲಿ ಅತಿ ಕಡಿಮೆಯದು ಅತಿ ಹೆಚ್ಚಿನದರ 80% ಆದರೂ ಇರಬೇಕು.

ಟ್ಯಾಂಕಿನ ತಳದ ಡ್ರೈನ್ ಪ್ಲಗ್ ಬಿಚ್ಚಿ ಖಾಲಿ ಮಾಡಿ. ಪೆಟ್ರೋಲ್ ಹೋಸ್ ಪೂರಾ ಬದಲಿಸಿ. ಈಗಿನ ಪೆಟ್ರೋಲಿನಲ್ಲಿರೋ ಎಥನಾಲ್‌ಗೆ ಹಳೇ ರಬ್ಬರ್ ತಡೆಯಲ್ಲ, ಎಕ್ಸಾಸ್ಟ್ ಮೇಲೇ ಸೋರಿದರೆ ಬೆಂಕಿ. ಮೊದಲ ಸ್ಟಾರ್ಟಿಗೆ ಪಂಪಿಗೆ ಬೇರೆ ಕ್ಯಾನಿನಿಂದ ಕೊಡಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗೋ ಸರದಿ) 1-5-3-6-2-4.

ಕಾರ್ಬುರೇಟರ್ ತೊಳೆಯುವಾಗ ಒಂದರ ಪಿಸ್ಟನ್ನು ಇನ್ನೊಂದರ ಗುಮ್ಮಟಕ್ಕೆ ಹಾಕಬೇಡಿ, ಜೋಡಿ ತಪ್ಪಿದರೆ ಸಿಕ್ಕಿಕೊಳ್ಳುತ್ತೆ. ಡ್ಯಾಂಪರಿಗೆ 20 ಗ್ರೇಡ್ ಆಯಿಲ್. ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಕೂರಬೇಕು. ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಬೆರಕೆ) ನಟ್ಟು ಪೂರ್ತಿ ಮೇಲಕ್ಕೆ ತಿರುಗಿಸಿ ಎರಡೂವರೆ ಸುತ್ತು ಇಳಿಸಿದರೆ ಶುರುವಿಗೆ ಸಾಕು. ಎರಡರ ಗಾಳಿ ಎಳೆತ ಸಮ ಮಾಡಿದ ಮೇಲೇ ಮಿಕ್ಸ್ಚರ್ ಮುಟ್ಟಿ. ಬಿಸಿ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಮಿಮೀ ಎತ್ತಿ ನೋಡಿ: ಆರ್‌ಪಿಎಂ ಏರಿ ಅಲ್ಲೇ ನಿಂತರೆ ರಿಚ್ (ಪೆಟ್ರೋಲ್ ಜಾಸ್ತಿ), ಬಿದ್ದುಹೋದರೆ ಲೀನ್ (ಪೆಟ್ರೋಲ್ ಕಡಿಮೆ), ಒಂಚೂರು ಏರಿ ವಾಪಸ್ ಬಂದರೆ ಸರಿ.

ಸ್ಯಾಕ್ರಮೆಂಟೊ_ಜೆಡ್

ತುಂಬಾ ಥ್ಯಾಂಕ್ಸ್. ಇವತ್ತು ಹೋಗಿ ತಟ್ಟಿ ನೋಡಿದೆ. ಬಲಗಡೆ ರೈಲು ಮುಂದಿನ ಸೀಟಿನ ಹತ್ತಿರ ದಪ್ ಅಂತು, ಎಡಗಡೆಯದು ಪರವಾಗಿಲ್ಲ. ಹಳೇ ರೈಲಿನ ಮೇಲೇ ಟೋಪಿ ಥರ ಕೂರೋ ಹೊಸ ರೈಲು ಸಿಗುತ್ತಲ್ಲ, ಅದು ನಡೆಯುತ್ತಾ? ಇನ್ನೊಂದು, ಹಿಂದಿನ ಸಸ್ಪೆನ್ಷನ್ ಬುಷ್ ಎಲ್ಲಾ ಹರಿದಿದೆ.

ತುಕ್ಕುಪುರಾಣ

ಟೋಪಿ ರೈಲು ಗಟ್ಟಿ ರೈಲಿಗೆ ಬಲ ಕೊಡೋಕೆ ಸರಿ. ಕೊಳೆತದ್ದರ ಮೇಲೆ ಹಾಕಿದರೆ ಎರಡು ತಗಡಿನ ನಡುವೆ ತೇವ ನಿಂತು ಒಳಗಿಂದ ತಿನ್ನುತ್ತಾ ಹೋಗುತ್ತೆ. ಕತ್ತರಿಸಿ ತೆಗೆಯಿರಿ. ಅದಕ್ಕೂ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಕ್ಕೆ ಪೈಪ್ ವೆಲ್ಡ್ ಮಾಡಿ ಬಿಗಿದುಕೊಳ್ಳಿ, ಇಲ್ಲದಿದ್ದರೆ ಬಾಡಿ ಬಾಗಿ ಆಮೇಲೆ ಬಾಗಿಲು ಕೂರಲ್ಲ. ಫ್ಲೋರಿನ ಮೇಲಿನ ಟಾರು ಹಾಳೆ ಕೆರೆಯೋಕೆ ಹೋಗಬೇಡಿ. ಡ್ರೈ ಐಸ್ ಹರಡಿ ಹತ್ತು ಹದಿನೈದು ನಿಮಿಷ ಬಿಟ್ಟು ಸುತ್ತಿಗೆಯಿಂದ ತಟ್ಟಿದರೆ ಹಪ್ಪಳದ ಹಾಗೆ ಏಳುತ್ತೆ. ಕೈಗೆ ಗ್ಲೌಸ್ ಇರಲಿ, ಶೆಡ್ಡಿನ ಬಾಗಿಲು ತೆಗೆದಿರಿ. ಹೊಸ ತಗಡು 1.2 ಮಿಮೀ ಸಾಕು. ಮಿಗ್ ವೆಲ್ಡಿಂಗ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ, ಒಂದು ಇಲ್ಲಿ ಒಂದು ಅಲ್ಲಿ ಹಾಕುತ್ತಾ ಬನ್ನಿ. ಒಂದೇ ಗೆರೆ ಎಳೆದರೆ ತಗಡು ಸೊಟ್ಟಗಾಗುತ್ತೆ.

ಹತ್ತರ_ಸ್ಪ್ಯಾನರ್

ಬುಷ್ ವಿಷಯ: ಹಿಂದಿನ ಲೋಯರ್ ಆರ್ಮ್‌ನ ಸ್ಪಿಂಡಲ್ ಪಿನ್ (ಬುಷ್‌ಗಳ ಒಳಗೆ ಹಾಯೋ ಉದ್ದ ಪಿನ್ನು) ಈ ಗಾಡಿಯ ಶನಿ. ನಡುವಿನ ಓರೆ ಲಾಕ್ ಪಿನ್ನನ್ನ ಮೊದಲು ತೆಗೆದುಕೊಳ್ಳಿ, ಅದನ್ನ ಮರೆತು ಹೊಡೆಯೋರೂ ಇದ್ದಾರೆ. ಸ್ಪಿಂಡಲ್ ಪಿನ್ ತುದಿಗೆ ಸುತ್ತಿಗೆ ಹಾಕಿದರೆ ಥ್ರೆಡ್ ಅರಳಿ ಎಂದೂ ಹೊರಗೆ ಬರಲ್ಲ. ನಾಲ್ಕೈದು ದಿನ ತುಕ್ಕು ಬಿಡಿಸೋ ಎಣ್ಣೆ ಬಿಡಿ, ಉದ್ದ ನಟ್ಟು, ದಪ್ಪ ಪೈಪ್ ಇಟ್ಟು ಎಳೆಯಿರಿ. ಆಗಲೂ ಬರದಿದ್ದರೆ ಎರಡೂ ಕಡೆ ಪಿನ್ ಕತ್ತರಿಸಿ, ಉಳಿದ ತುಂಡನ್ನ 20 ಟನ್ ಪ್ರೆಸ್ಸಿಗೆ ಒಯ್ಯಿರಿ. ಹೊಸ ರಬ್ಬರ್ ಬುಷ್ ಹಾಕಿದ ಮೇಲೆ ನಟ್ಟು ಕೊನೆಗೆ ಬಿಗಿಯೋದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಾಗ. ಜ್ಯಾಕಿನ ಮೇಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಮುಂದೆ ಯಾವತ್ತಾದರೂ ಹೆಡ್ ತೆಗೆಯೋ ಪ್ರಸಂಗ ಬಂದರೆ, ಕ್ಯಾಮ್ ಸ್ಪ್ರಾಕೆಟ್ ಕಳಚೋ ಮುಂಚೆ ಚೈನಿನ ನಡುವೆ ಮರದ ಬೆಣೆ ಇಳಿಸಿ, ಅದಕ್ಕೆ ದಾರ ಕಟ್ಟಿರಿ. ಬೆಣೆ ಇಲ್ಲದಿದ್ದರೆ ಚೈನ್ ಬಿಗಿ ಇಡೋ ಟೆನ್ಷನರ್ ಹೊರಗೆ ಹಾರುತ್ತೆ, ಆಮೇಲೆ ಮುಂದಿನ ಕವರ್ ಬಿಚ್ಚದೆ ಗತಿಯಿಲ್ಲ.

ವೈರಿಂಗ್_ಅಕ್ಕ

ಬ್ಯಾಟರಿ ಜೋಡಿಸೋ ಮುಂಚೆ ನಂದೊಂದು ಮಾತು. ಇದರ ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡೋ ಸ್ವಿಚ್ಚು) ಇಲ್ಲ, ಪೂರ್ತಿ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನಲ್ಲೇ ಹರಿಯುತ್ತೆ. ಪಾರ್ಕಿಂಗ್ ಲೈಟಿನ ಫ್ಯೂಸ್ ಕೂರೋ ಜಾಗ ಬಿಸಿಯಾಗಿ ಪ್ಲಾಸ್ಟಿಕ್ ಕರಗಿರೋದು ಈ ಗಾಡಿಗಳಲ್ಲಿ ಮಾಮೂಲು, ಫ್ಯೂಸ್ ಬಾಕ್ಸ್ ತೆಗೆದು ಹಿಂಬದಿ ನೋಡಿ. ಹೆಡ್‌ಲೈಟಿಗೂ ಪಾರ್ಕಿಂಗ್ ಲೈಟಿಗೂ ರಿಲೇ ಹಾಕಿಬಿಡಿ. ಡ್ಯಾಶಿನಲ್ಲಿರೋದು ಕರೆಂಟು ಅಳೆಯೋ ಆಮ್‌ಮೀಟರ್, ವೋಲ್ಟ್‌ಮೀಟರ್ ಅಲ್ಲ. ಚಾರ್ಜಿಂಗ್ ಕರೆಂಟು ಅದರ ಮೂಲಕವೇ ಹೋಗುತ್ತೆ. ಹಿಂದಿನ ಎರಡು ಕನೆಕ್ಷನ್ ಬಿಚ್ಚಿ ಉಜ್ಜಿ ಬಿಗಿ ಮಾಡಿ, ಆಮೇಲೆ ಬ್ಯಾಟರಿ ಕೊಡಿ.