ಗೆದ್ದ ತಟ್ಟೆಗೆ ಗೂಡಿಲ್ಲ

ಗಿರಿ ಒಂದು ರಟ್ಟಿನ ಡಬ್ಬ ತಂದು ನಮ್ಮ ಮಧ್ಯೆ ದೊಪ್ಪಂತ ಇಟ್ಟ. ಒಳಗೆಲ್ಲ ಡಿವಿಡಿ ಡಿಸ್ಕ್‌ಗಳೇ. ಮೊದಲನೇದರ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ: ‘ಮುಖ್ಯ. ಅಳಿಸಬೇಡಿ.’

“ಒಂದ್ಸಲ ಬರೆದ್ರೆ ಅಳಿಸೋಕೇ ಬರದ ಡಿಸ್ಕ್ ಕಣೋ ಇದು. ಯಾರಿಗೆ ಈ ಎಚ್ಚರಿಕೆ?” ಅಂದ ಸುಬ್ಬು.

“ಡಿವಿಡಿ ಪ್ಲಸ್ ಆರ್ (DVD+R) ಜಾತೀದೋ, ಮೈನಸ್ ಆರ್ (DVD-R) ಜಾತೀದೋ?” ಅಂತ ನಾನು ಕೇಳಿದ್ದೇ ತಪ್ಪಾಯ್ತು. ಗಿರಿಯ ಮುಖ ಸಪ್ಪಗಾಯ್ತು. ಎರಡರಲ್ಲೂ ಹಿಡಿಯೋದು ಅದೇ 4.7 ಜಿಬಿ. ಆದ್ರೂ ಎತ್ತು ಏರಿಗೆ, ಕೋಣ ನೀರಿಗೆ. ಇವನ ಹತ್ರ ಇದ್ದದ್ದು ಪ್ಲಸ್ ಡ್ರೈವ್, ಹೊತ್ತು ತಂದದ್ದು ಮೈನಸ್ ಡಿಸ್ಕಿನ ಇಡೀ ಕಟ್ಟು! ಕೊನೆಗೆ ಎರಡನ್ನೂ ಬರೆಯೋ ಡ್ರೈವ್ ಬಂದು ಜಗಳ ತಣ್ಣಗಾಯ್ತು ಅನ್ನಿ.

“ಅದೇನು ಜಗಳ ಬಿಡೋ, ಜಗಳ ಅಂದ್ರೆ ಡಿವಿಡಿ ಜಾಗಕ್ಕೆ ಬಂದ ಎಚ್‌ಡಿ ಡಿವಿಡಿ, ಬ್ಲೂ-ರೇ ಡಿಸ್ಕ್‌ಗಳದ್ದು,” ಸುಬ್ಬು ತೋಳೇರಿಸಿದ. “2006ರಲ್ಲಿ ಇಬ್ಬರೂ ಅಖಾಡಕ್ಕಿಳಿದ್ರು. ಇಬ್ಬರದ್ದೂ ಅದೇ 405 ನ್ಯಾನೊಮೀಟರ್ ಲೇಸರ್.”

“ಅದು ನೇರಳೆ ಅಲ್ವೇನೋ? ಬ್ಲೂ ಯಾಕೆ?”

“ಹೆಸರಲ್ಲೇನಿದೆ, ಕೇಳು. ಎಚ್‌ಡಿ ಡಿವಿಡಿ ಒಂದು ಪದರಕ್ಕೆ 15 ಜಿಬಿ, ಬ್ಲೂ-ರೇ 25.”

“ಲೇಸರ್ ಒಂದೇ ಆದ್ಮೇಲೆ ಇನ್ನು 10 ಜಿಬಿ ಎಲ್ಲಿಂದ ಉದುರ್ತು?”

“ಅಲ್ಲೇ ಇರೋದು ಮಜಾ. ಎಚ್‌ಡಿ ಡಿವಿಡಿ ಮಾಹಿತೀನ 0.6 ಮಿಲಿಮೀಟರ್ ಆಳದಲ್ಲಿ ಹೂತಿತು, ಡಿವಿಡಿ ಥರಾನೇ. ಹಳೇ ಯಂತ್ರಗಳನ್ನೇ ಸ್ವಲ್ಪ ತಿದ್ದಿಕೊಂಡ್ರೆ ಸಾಕು, ಅಚ್ಚು ಹಾಕಬಹುದು. ಬ್ಲೂ-ರೇದು ಬರೀ 0.1 ಮಿಲಿಮೀಟರ್ ಕೆಳಗೆ. ಲೆನ್ಸ್ ಹತ್ತಿರ ಬಂದು ಚುಕ್ಕಿ ಇನ್ನೂ ಚಿಕ್ಕದಾಗುತ್ತೆ, ಜಾಸ್ತಿ ಹಿಡಿಸುತ್ತೆ.”

“ಅಂದ್ರೆ ಉಗುರು ತಾಗಿದ್ರೂ ಕಥೆ ಮುಗೀತು!”

“ಅದಕ್ಕೇ ಮೊದಮೊದಲು ಅದನ್ನ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಸಾಕಿದ್ರು. ಗಟ್ಟಿ ಲೇಪನ ಸಿಕ್ಕಿದ್ಮೇಲೇ ಹೊರಗೆ ಬಿಟ್ಟಿದ್ದು.”

ಆಮೇಲಿನದ್ದು ನನಗೂ ಗೊತ್ತಿತ್ತು. ಸೋನಿ ಪ್ಲೇಸ್ಟೇಷನ್ 3ರ ಹೊಟ್ಟೇಲೇ ಬ್ಲೂ-ರೇ ಇಟ್ಟು ಮಾರ್ತು. ಆಟಕ್ಕೆ ಅಂತ ಕೊಂಡವರ ಮನೆಗೆಲ್ಲ ಅದು ಕಳ್ಳ ಹೆಜ್ಜೆ ಇಟ್ಟು ನುಗ್ತು. ಮೈಕ್ರೋಸಾಫ್ಟ್‌ನ ಆಟದ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಬೇಕಂದ್ರೆ ಬೇರೆ ಡಬ್ಬಿ ಕೊಳ್ಳಬೇಕಿತ್ತು. 2008ರ ಜನವರಿಯಲ್ಲಿ ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ವಾಲ್ತು. ಫೆಬ್ರವರಿ 19ಕ್ಕೆ ಎಚ್‌ಡಿ ಡಿವಿಡಿ ಹಿಂದಿದ್ದ ತೋಶಿಬಾ ಗಂಟುಮೂಟೆ ಕಟ್ತು.

“ಸರಿ, ಗೆದ್ದೋರು ಏನ್ ಮಾಡಿದ್ರು?” ಅಂದ ಗಿರಿ. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಅವನು ಡಿಸ್ಕ್ ಹಿಡ್ಕೊಂಡು ನನ್ನ ಲ್ಯಾಪ್‌ಟಾಪಿನ ಪಕ್ಕೆ ತಡವ್ತಿದ್ದ. ಆಮೇಲೆ ಸುಬ್ಬುದು. ಆಮೇಲೆ ತನ್ನದೇ. ಮೂರಕ್ಕೂ ಬಾಯಿಲ್ಲ.

“ಅಳಿಸೋದಿರಲಿ, ಇನ್ಮೇಲೆ ಓದೋಕೂ ಆಗಲ್ಲ. ಭದ್ರ ಅಂದ್ರೆ ಇದು,” ಅಂದ ಸುಬ್ಬು. “ಅಂದ ಹಾಗೆ, ಒಳಗೇನಿದೆ?”

ಗಿರಿ ಡಿಸ್ಕನ್ನ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ. “ಮುಖ್ಯವಾದ್ದೇ ಇರ್ಬೇಕು.”